ಜಾಲತಾಣ ಕಟ್ಟುವ ಕಸುಬೂ ಒಂದು ಹಾಳೆಯ ಪತ್ರವೂ

ಪ್ರತಿ ವರ್ಷವೂ ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ಮರುದಿನ ನಮ್ಮ ಅಧ್ಯಾಪಕರ ಕೊಠಡಿಯ ಮುಂದೆ ತಂದೆ-ತಾಯಿಗಳು ಬಂದು ನಿಲ್ಲುವುದುಂಟು. "ಸಾರ್, ಮಗುವನ್ನು ಮುಂದೆ ಯಾವ ಓದಿಗೆ ಹಾಕೋಣ?" ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಗೆ ನಾವು ನಮಗೆ ತಿಳಿದಷ್ಟು ಉತ್ತರ ಹೇಳಿ ಕಳುಹಿಸುತ್ತಿದ್ದೆವು. ಆದರೆ ಕೆಲವು ವರ್ಷಗಳಿಂದ ಈಚೆಗೆ ಮಕ್ಕಳೇ ನಮ್ಮನ್ನು ಬೇರೊಂದು ಪ್ರಶ್ನೆ ಕೇಳುತ್ತಿದ್ದಾರೆ. "ಸಾರ್, ಯಾರ ಕೈಕೆಳಗೂ ಇರದೆ, ಮನೆಯಲ್ಲೇ ಕುಳಿತು, ಜನರಿಗೆ ವೆಬ್‌ಸೈಟ್ ಮಾಡಿಕೊಟ್ಟು ಸಂಪಾದಿಸಬಹುದಂತೆ. ನಿಜವೇ?"

ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಗಣಕ ವಿಜ್ಞಾನದ ಅಧ್ಯಾಪಕರಲ್ಲವೇ, ಕನ್ನಡ ಪಾಠ ಹೇಳುವವರಿಗೆ ಇದರ ಗೊಡವೆ ಏಕೆ ಎಂದು ಕೆಲವರಿಗೆ ಅನಿಸಬಹುದು. ನಮಗೂ ಮೊದಲು ಹಾಗೆಯೇ ಅನಿಸಿತ್ತು. ಆದರೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ನಾವು ಕೊಟ್ಟ ತಪ್ಪು ಸಲಹೆಯಿಂದ ಆದ ನಷ್ಟವನ್ನು ಕಣ್ಣಾರೆ ಕಂಡ ಮೇಲೆ ನಮ್ಮ ಅಭಿಪ್ರಾಯ ಬದಲಾಯಿತು. ಈ ಕಸುಬಿಗೆ ಬೇಕಾದ ಅರ್ಧ ವಿದ್ಯೆ ಗಣಕಯಂತ್ರದ್ದಾದರೆ, ಉಳಿದರ್ಧ ನಾವು ಒಂಬತ್ತನೆಯ ತರಗತಿಯಲ್ಲಿ ಕಲಿಸುವ ಪತ್ರಲೇಖನದ್ದು. ಈ ಮಾತನ್ನು ವಿದ್ಯಾರ್ಥಿಗಳಿಗೂ ಅವರ ಪೋಷಕರಿಗೂ ಮನಗಾಣಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಈ ಕೆಲಸ ಎಂಥದು ಎಂಬುದನ್ನು ತಿಳಿಯೋಣ. ಜಿನೀವಾ ನಗರದ ಬಳಿಯಿರುವ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ ಎಂಬವರು 1989ರಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಈ ವಿದ್ಯೆಯನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದೆಂದು ಜಗತ್ತಿಗೆ ಬಿಟ್ಟುಕೊಟ್ಟಿತು. ಆ ಔದಾರ್ಯದಿಂದಲೇ ಇಂದು ಧಾರಾಪುರಂನ ಹುಡುಗನೊಬ್ಬನೂ ಯಾರ ಅಪ್ಪಣೆಯನ್ನೂ ಕೇಳದೆ ಒಂದು ಜಾಲತಾಣವನ್ನು ಕಟ್ಟಬಹುದಾಗಿದೆ. ಜಾಲತಾಣವೆಂದರೆ ಒಂದು ಅಂಗಡಿಯೋ ಶಾಲೆಯೋ ಜಗತ್ತಿಗೆ ತೋರುವ ಪುಟಗಳ ಕಟ್ಟು. ಪುಟದ ಚೌಕಟ್ಟನ್ನು ಎಚ್‌ಟಿಎಂಎಲ್ ಎಂಬ ಗುರುತುಗಳಿಂದ ಬರೆಯುತ್ತಾರೆ. ಬಣ್ಣ, ಅಳತೆ, ಅಂದ-ಚಂದಗಳನ್ನು ಸಿಎಸ್‌ಎಸ್ ಎಂಬುದರಿಂದ ಹೇಳುತ್ತಾರೆ. ಗುಂಡಿ ಒತ್ತಿದರೆ ಏನಾಗಬೇಕು ಎಂಬ ನಡವಳಿಕೆಯನ್ನು 1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್ ಎಂಬ ಗಣಕ ಭಾಷೆಯಲ್ಲಿ ಬರೆಯುತ್ತಾರೆ. ಈ ಮೂರನ್ನೂ ಕಲಿತು, ಒಬ್ಬ ಯಜಮಾನನ ಸಂಬಳಕ್ಕೆ ಸೇರದೆ, ಬಂದ ಗಿರಾಕಿಗೆ ಬೇಕಾದುದನ್ನು ಮಾಡಿಕೊಟ್ಟು ಹಣ ಪಡೆಯುವವನೇ ಫ್ರೀಲಾನ್ಸ್ ವೆಬ್ ಡೆವಲಪರ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಸ್ವತಂತ್ರವಾಗಿ ಜಾಲತಾಣ ಕಟ್ಟುವ ಕಸುಬುದಾರ.

ಹೆಸರು ಹೊಸದಾದರೂ ಈ ಬಗೆಯ ಬಾಳು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ನಮ್ಮ ಧಾರಾಪುರಂ ತಾಲ್ಲೂಕು 1979ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಬಳಿಕ ಪೆರಿಯಾರ್ ಜಿಲ್ಲೆಗೆ, ಎಂದರೆ ಇಂದಿನ ಈರೋಡು ಜಿಲ್ಲೆಗೆ ಸೇರಿತು. 2009ರಲ್ಲಿ ತಿರುಪ್ಪೂರು ಜಿಲ್ಲೆ ರೂಪುಗೊಂಡಾಗ ಅದರ ಪಾಲಾಯಿತು. ಜಿಲ್ಲೆಯ ಹೆಸರು ಹೀಗೆ ಬದಲಾದರೂ ಇಲ್ಲಿ ಕನ್ನಡ ಮಾತನಾಡುವ ದೇವಾಂಗರ ಮನೆಗಳಲ್ಲಿ ಮಗ್ಗದ ಸದ್ದು, ಒಕ್ಕಲಿಗರ ಮನೆಗಳಲ್ಲಿ ನೇಗಿಲ ಮಾತು ತಲೆಮಾರುಗಳಿಂದ ನಡೆದು ಬಂದಿವೆ. ನೇಕಾರರಲ್ಲಿ ಮೂರು ಬಗೆಯವರನ್ನು ನಾವೆಲ್ಲರೂ ಬಲ್ಲೆವು. ಗಿರಣಿಗೆ ಹೋಗಿ ಸಂಬಳ ಪಡೆಯುವವರು ಒಬ್ಬರು. ಸಾಹುಕಾರ ಕೊಟ್ಟ ನೂಲನ್ನು ಮನೆಯ ಮಗ್ಗದಲ್ಲಿ ನೇಯ್ದು ಕೂಲಿ ಪಡೆಯುವವರು ಇನ್ನೊಬ್ಬರು. ತಾನೇ ನೂಲು ಕೊಂಡು, ತಾನೇ ನೇಯ್ದು, ತಾನೇ ಬೆಲೆ ಹೇಳಿ ಮಾರುವವರು ಮೂರನೆಯವರು. ತಿರುಪ್ಪೂರಿನ ಬನಿಯನ್ ಉದ್ಯಮವಂತೂ ಜಾಬ್ ವರ್ಕ್ ಎಂಬ ಪದದ ಮೇಲೆಯೇ ನಿಂತಿದೆ. ಒಬ್ಬರು ಹೆಣೆದುಕೊಡುತ್ತಾರೆ, ಒಬ್ಬರು ಬಣ್ಣ ಹಾಕಿಕೊಡುತ್ತಾರೆ, ಇನ್ನೊಬ್ಬರು ಹೊಲಿದುಕೊಡುತ್ತಾರೆ. ಸ್ವತಂತ್ರವಾಗಿ ಜಾಲತಾಣ ಕಟ್ಟುವುದೂ ಒಂದು ಜಾಬ್ ವರ್ಕೇ ಸರಿ. ಅದರ ಸುಖವೂ ಅದೇ, ಕಷ್ಟವೂ ಅದೇ.

ಇನ್ನೂ ಒಂದು ನಂಟನ್ನು ನಮ್ಮ ನೇಕಾರರ ಮಕ್ಕಳಿಗೆ ಹೇಳಬೇಕೆನಿಸುತ್ತದೆ. ಸೀರೆಯ ಅಂಚಿನ ಹೂವಿಗಾಗಿ ಮಗ್ಗದ ಮೇಲೆ ತೂತುಗಳಿರುವ ರಟ್ಟಿನ ಸರಮಾಲೆ ತಿರುಗುವುದನ್ನು ನೀವು ನೋಡಿದ್ದೀರಷ್ಟೆ. ಸುಮಾರು 1804ರಲ್ಲಿ ಫ್ರಾನ್ಸಿನ ಜಕಾರ್ಡ್ ಎಂಬವರು ರೂಪಿಸಿದ ಏರ್ಪಾಡು ಅದು. ಯಾವ ಎಳೆ ಮೇಲೇಳಬೇಕು, ಯಾವ ಎಳೆ ಕೆಳಗೇ ಉಳಿಯಬೇಕು ಎಂಬುದನ್ನು ಆ ತೂತುಗಳೇ ಮಗ್ಗಕ್ಕೆ ಹೇಳುತ್ತವೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತಮ್ಮ ಎಣಿಕೆಯ ಯಂತ್ರಕ್ಕೆ ಆಜ್ಞೆ ಕೊಡಲು ಈ ರಟ್ಟುಗಳ ಉಪಾಯವನ್ನೇ ಆರಿಸಿಕೊಂಡರು. ಗಣಕಯಂತ್ರದ ಇತಿಹಾಸ ಬರೆಯುವವರು ಮಗ್ಗವನ್ನು ಬಿಟ್ಟು ಬರೆಯುವಂತಿಲ್ಲ. ಆದುದರಿಂದ ಇದು ದೊಡ್ಡ ಪಟ್ಟಣದವರ ವಿದ್ಯೆ, ನಮಗೆ ಹತ್ತುವುದಿಲ್ಲ ಎಂಬ ಅಳುಕು ನಮ್ಮ ಮಕ್ಕಳಿಗೆ ಬೇಡ.

ಕನ್ನಡದವರು ಈ ಕ್ಷೇತ್ರದಲ್ಲಿ ಒಂಟಿಯಾಗಿ ಹೆಜ್ಜೆಯಿಟ್ಟ ಉದಾಹರಣೆಗಳೂ ಇವೆ. ಡಾ. ಯು. ಬಿ. ಪವನಜ ಅವರು 1996ರಲ್ಲೇ 'ವಿಶ್ವಕನ್ನಡ' ಎಂಬ ಕನ್ನಡ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದರು. ಶೇಷಾದ್ರಿವಾಸು ಅವರು 1998ರಲ್ಲಿ 'ಬರಹ' ಎಂಬ ತಂತ್ರಾಂಶವನ್ನು ಹೊರತಂದು ಸಾವಿರಾರು ಕನ್ನಡಿಗರಿಗೆ ಗಣಕದಲ್ಲಿ ಕನ್ನಡ ಬರೆಯುವುದನ್ನು ಸುಲಭ ಮಾಡಿದರು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಕರ್ನಾಟಕ ಸರ್ಕಾರವೇ ಒಪ್ಪಿಕೊಂಡಿತು. ಈ ಹಿರಿಯರು ಮೊದಲು ಕಂಡದ್ದು ಜನರ ಒಂದು ಕೊರತೆಯನ್ನು. ಅದನ್ನು ನೀಗಲು ಅವರು ಕೈಹಾಕಿದರು. ಕಸುಬು ಆರಂಭಿಸುವವನು ಮೊದಲು ಕಲಿಯಬೇಕಾದ ಪಾಠ ಇದೇ. "ನನಗೆ ಎಷ್ಟು ಸಿಗುತ್ತದೆ?" ಎಂದು ಕೇಳಿಕೊಳ್ಳುವುದಕ್ಕೆ ಮುಂಚೆ "ಇವರಿಗೆ ಏನು ಬೇಕಾಗಿದೆ?" ಎಂದು ಕೇಳಿಕೊಳ್ಳಬೇಕು.

ಇನ್ನು ನಮ್ಮ ವಿದ್ಯಾರ್ಥಿಯ ಸಂಗತಿಗೆ ಬರೋಣ. ಅವನ ಹೆಸರು ಇಲ್ಲಿ ಬೇಡ. ತಂದೆ ಎರಡು ವಿದ್ಯುತ್ ಮಗ್ಗಗಳಲ್ಲಿ ಕೂಲಿಗೆ ನೇಯುವವರು. ಹುಡುಗ ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿ, ಮುಂದೆ ಕಾಲೇಜಿಗೆ ಸೇರಿ, ಬಿಡುವಿನಲ್ಲಿ ತಾನಾಗಿಯೇ ಜಾಲತಾಣ ಕಟ್ಟುವುದನ್ನು ಕಲಿತ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಮ್ಮ ಬಳಿಗೆ ಬಂದು, "ಸಾರ್, ನನಗೆ ಮೊದಲ ಗಿರಾಕಿಯನ್ನು ತೋರಿಸಿಕೊಡಿ" ಎಂದ. ನಮಗೆ ಹೆಮ್ಮೆಯಾಯಿತು. ಪರಿಚಯದ ವ್ಯಾಪಾರಸ್ಥರೊಬ್ಬರ ಬಳಿ ನಾವೇ ಕರೆದುಕೊಂಡು ಹೋದೆವು. ಐದು ಪುಟಗಳ ಜಾಲತಾಣಕ್ಕೆ 10,000 ರೂಪಾಯಿ ಎಂದು ಮಾತಾಯಿತು. ಹೊರಗೆ ಬಂದ ಮೇಲೆ ಹುಡುಗ, "ಸಾರ್, ಇದನ್ನು ಒಂದು ಕಾಗದದಲ್ಲಿ ಬರೆಸಿಕೊಳ್ಳಲೇ?" ಎಂದು ಕೇಳಿದ. ನಾವು, "ಛೇ, ನಮ್ಮೂರಿನವರಪ್ಪ. ಕಾಗದ ಕೇಳಿದರೆ ನಂಬಿಕೆಯಿಲ್ಲ ಎಂದುಕೊಂಡಾರು. ಮಾತೇ ಸಾಕು" ಎಂದೆವು.

ಐದು ಪುಟ ಎಂಟಾಯಿತು. ಕೊಂಡುಕೊಳ್ಳುವವರು ಅಲ್ಲಿಂದಲೇ ಸರಕು ತರಿಸಿಕೊಳ್ಳುವಂತಿರಬೇಕು ಎಂದರು. ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬೇಕು ಎಂದರು. ಬಣ್ಣ ಮೂರು ಸಲ ಬದಲಾಯಿತು. ಚಿತ್ರಗಳನ್ನು ಇವನೇ ಹೋಗಿ ತೆಗೆದು ತಂದ. ಒಂದು ತಿಂಗಳ ಕೆಲಸ ಐದು ತಿಂಗಳು ನಡೆಯಿತು. ಆ ಸಲದ ಪರೀಕ್ಷೆಯಲ್ಲಿ ಹುಡುಗ ಎರಡು ವಿಷಯಗಳಲ್ಲಿ ಅನುತ್ತೀರ್ಣನಾದ. ಕೊನೆಗೆ ಕೈಗೆ ಬಂದದ್ದು 3,000 ರೂಪಾಯಿ. "ನಾನು ಕೇಳಿದ್ದು ಇದಲ್ಲ" ಎಂಬುದು ಗಿರಾಕಿಯ ಮಾತು. "ಅವರು ಕೇಳಿದ್ದಕ್ಕಿಂತ ಹೆಚ್ಚೇ ಮಾಡಿದ್ದೇನೆ" ಎಂಬುದು ಹುಡುಗನ ಮಾತು. ನ್ಯಾಯ ಹೇಳಲು ನಮ್ಮನ್ನು ಕರೆದರು. ಹೋಗಿ ಕುಳಿತಾಗ ನಮಗೆ ತಿಳಿಯಿತು. ಮೊದಲ ದಿನ ನಿಜವಾಗಿ ಏನು ಮಾತಾಯಿತು ಎಂಬುದು ನಮಗೂ ನೆನಪಿರಲಿಲ್ಲ. ಗಿರಾಕಿ ಕೆಟ್ಟವರೆಂದು ನಾವು ಇಂದಿಗೂ ಹೇಳಲಾರೆವು. ಮಾತು ಗಾಳಿಯಲ್ಲಿ ಹೋಗಿತ್ತು, ಅಷ್ಟೆ.

ಅಂದು ಸಂಜೆ ಹುಡುಗನ ತಂದೆ ನಮ್ಮ ಮನೆಗೆ ಬಂದರು. ಕೋಪ ಮಾಡಲಿಲ್ಲ. "ಸಾರ್, ಇಪ್ಪತ್ತು ವರ್ಷ ಕೂಲಿಗೆ ನೇಯ್ದಿದ್ದೇನೆ. ಬಾಯಿಮಾತಿನ ಮೇಲೆ ನೇಯ್ದವನ ಕಥೆ ಏನಾಗುತ್ತದೆ ಅಂತ ನನಗೆ ಗೊತ್ತು. ನೀವು ಓದಿದವರು. ನೀವಾದರೂ ಬರೆಸಬಹುದಿತ್ತು" ಎಂದು ಮಾತ್ರ ಹೇಳಿ ಎದ್ದು ಹೋದರು.

ಆ ಮಾತಿನ ಹಿಂದೆ ಏನಿದೆ ಎಂಬುದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2022ರ ಜನವರಿಯಲ್ಲಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕೂಲಿ ಮಗ್ಗದವರು ಮಗ್ಗ ನಿಲ್ಲಿಸಿ ಮುಷ್ಕರ ಹೂಡಿದ್ದನ್ನು ನಾವೆಲ್ಲ ಕಂಡಿದ್ದೇವೆ. ಮಾತುಕತೆಯಲ್ಲಿ ಘೋಷಣೆಯಾದ ಕೂಲಿ ಏರಿಕೆ ಕೈಗೆ ಬರಲಿಲ್ಲವೆಂಬುದು ಅವರ ಅಳಲು. ಕೆಲಸ ಕಲಿತವನಿಗೆ ಕೈ ಓಡುತ್ತದೆ. ಆದರೆ ಕೂಲಿ ನಿಲ್ಲುವುದು ಬರಹದ ಮೇಲೆ. ಮಗ್ಗಕ್ಕೆ ಸಲ್ಲುವ ಈ ಮಾತು ಗಣಕಕ್ಕೂ ಸಲ್ಲುತ್ತದೆ.

ಮರುವಾರ ಹುಡುಗನನ್ನು ಕರೆಸಿ ಮೂರು ಸಂಜೆ ಕುಳಿತು ಒಂದು ಪತ್ರದ ಮಾದರಿ ಸಿದ್ಧಪಡಿಸಿದೆವು. ಅವನು ಮೊದಲು ತಂದದ್ದು ಎಲ್ಲಿಂದಲೋ ನಕಲು ಮಾಡಿದ ನಾಲ್ಕು ಪುಟದ ಇಂಗ್ಲಿಷ್ ಕರಾರು. ಅದರ ಅರ್ಥ ಅವನಿಗೂ ಆಗಿರಲಿಲ್ಲ, ಗಿರಾಕಿಗೂ ಆಗುವಂತಿರಲಿಲ್ಲ. ಅದನ್ನು ಬದಿಗಿಟ್ಟು, "ನೀನು ಏನು ಮಾಡಿಕೊಡುತ್ತೀಯೆ, ಕನ್ನಡದಲ್ಲಿ ನನಗೆ ಹೇಳು" ಎಂದೆವು. ಹೇಳಲು ತಡವರಿಸಿದ. ಗಣಕಕ್ಕೆ ನೂರು ಸಾಲು ಆಜ್ಞೆ ಬರೆಯಬಲ್ಲ ಹುಡುಗ ಮನುಷ್ಯನಿಗೆ ಐದು ಸ್ಪಷ್ಟ ವಾಕ್ಯ ಬರೆಯಲಾರದೆ ಹೋದ. ಈ ಕೊರತೆ ಅವನದಲ್ಲ, ಕಲಿಸಿದ ನಮ್ಮದು. ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯುವುದನ್ನು ವರ್ಷಗಟ್ಟಲೆ ಕಲಿಸಿದ ನಾವು, ದುಡಿದ ಹಣವನ್ನು ಕೇಳುವ ಪತ್ರವನ್ನು ಒಮ್ಮೆಯೂ ಕಲಿಸಿರಲಿಲ್ಲ.

ಆ ಪತ್ರದಲ್ಲಿ ಇರಬೇಕಾದುದು ಇಷ್ಟೆ. ಮೊದಲನೆಯದಾಗಿ, ಎಷ್ಟು ಪುಟ, ಯಾವ ಯಾವ ಪುಟ, ಯಾವ ಭಾಷೆಯಲ್ಲಿ ಎಂಬ ವಿವರ. ಎರಡನೆಯದಾಗಿ, ಏನನ್ನು ಮಾಡಿಕೊಡುವುದಿಲ್ಲ ಎಂಬುದು. ಇದನ್ನು ಬರೆಯಲು ಸಂಕೋಚಪಡುವವರೇ ಹೆಚ್ಚು, ಆದರೆ ಜಗಳ ಹುಟ್ಟುವುದು ಇಲ್ಲಿಯೇ. ಮೂರನೆಯದಾಗಿ, ಚಿತ್ರ, ಬರಹ, ಬೆಲೆಪಟ್ಟಿಗಳನ್ನು ಗಿರಾಕಿ ಯಾವ ತಾರೀಕಿನೊಳಗೆ ಕೊಡಬೇಕು ಎಂಬುದು. ನಾಲ್ಕನೆಯದಾಗಿ, ಎಷ್ಟು ಸಲದ ತಿದ್ದುಪಡಿ ಈ ಬೆಲೆಯಲ್ಲಿ ಸೇರಿದೆ, ಅದಕ್ಕೆ ಮೀರಿದರೆ ಎಷ್ಟು ಎಂಬುದು. ಐದನೆಯದಾಗಿ, ಹಣ ಯಾವಾಗ ಎಂಬುದು. ಆರಂಭದಲ್ಲಿ ಮೂರರಲ್ಲಿ ಒಂದು ಪಾಲು, ಮಾದರಿ ತೋರಿಸಿದಾಗ ಇನ್ನೊಂದು, ಒಪ್ಪಿಸುವಾಗ ಕೊನೆಯದು ಎಂದರೆ ಇಬ್ಬರಿಗೂ ನ್ಯಾಯ. ಆರನೆಯದಾಗಿ, ಜಾಲತಾಣದ ಹೆಸರನ್ನು ಗಿರಾಕಿಯ ಹೆಸರಿನಲ್ಲೇ ನೋಂದಾಯಿಸಬೇಕು, ಅದರ ವಾರ್ಷಿಕ ಶುಲ್ಕ ಗಿರಾಕಿಯದೇ ಎಂಬುದು. ಕೆಲವರು ಅದನ್ನು ತಮ್ಮ ಹೆಸರಿನಲ್ಲಿಟ್ಟುಕೊಂಡು ಗಿರಾಕಿಯನ್ನು ಕಟ್ಟಿಹಾಕುತ್ತಾರೆ. ಅದು ನಮ್ಮ ಮಕ್ಕಳು ಮಾಡಬಾರದ ಕೆಲಸ. ಕೊನೆಯಲ್ಲಿ ಇಬ್ಬರ ರುಜು, ತಾರೀಕು. ಇವೆಲ್ಲ ಒಂದೇ ಹಾಳೆಯಲ್ಲಿ ಹಿಡಿಯುತ್ತವೆ. ಗಿರಾಕಿ ಓದಬಲ್ಲ ಭಾಷೆಯಲ್ಲಿ ಅದು ಇರಬೇಕು. ನಮ್ಮೂರಿನಲ್ಲಿ ಅದು ಸಾಮಾನ್ಯವಾಗಿ ತಮಿಳು. ನಾವು ಕನ್ನಡದಲ್ಲಿ ಯೋಚಿಸಿ ಬರೆದುದನ್ನು ಹುಡುಗನೇ ತಮಿಳಿಗೆ ತಂದ.

ಕಾನೂನೂ ಇಂಥ ಬರಹಕ್ಕೆ ಬೆಂಬಲವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯು ಗಣಕದ ಕ್ರಮವಿಧಿಗಳನ್ನು ಸಾಹಿತ್ಯ ಕೃತಿಗಳ ಸಾಲಿನಲ್ಲೇ ಸೇರಿಸಿದೆ ಎಂಬುದು ಕನ್ನಡ ಅಧ್ಯಾಪಕರಾದ ನಮಗೆ ಸಂತೋಷದ ಸಂಗತಿ. ಅದರ ಹಕ್ಕನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದಾದರೆ ಅದು ಬರಹದಲ್ಲೇ ಆಗಬೇಕು ಎಂದೂ ಆ ಕಾಯಿದೆ ಹೇಳುತ್ತದೆ. ಉದ್ಯಮ್ ಎಂಬ ಸರ್ಕಾರಿ ನೋಂದಣಿ 2020ರಿಂದ ಜಾರಿಯಲ್ಲಿದೆ. ಅದಕ್ಕೆ ಶುಲ್ಕವಿಲ್ಲ. ಸಣ್ಣ ಉದ್ಯಮಗಳ 2006ರ ಕಾಯಿದೆಯಂತೆ, ಹೀಗೆ ನೋಂದಾಯಿಸಿಕೊಂಡ ಕಸುಬುದಾರನಿಗೆ ಒಪ್ಪಿದ ದಿನದೊಳಗೆ ಹಣ ಸಲ್ಲಬೇಕು. ಒಪ್ಪಂದದಲ್ಲಿ ಎಷ್ಟೇ ಹೆಚ್ಚು ಗಡುವು ಬರೆದರೂ ಅದು 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ಬಡ್ಡಿ ಸೇರಿಸಿ ಕೊಡಬೇಕು. ಆದರೆ ವಿದ್ಯಾರ್ಥಿಗಳು ಒಂದು ಮಾತನ್ನು ಮರೆಯಬಾರದು. ಹದಿನೆಂಟು ವರ್ಷ ತುಂಬದವರು ಮಾಡಿಕೊಂಡ ಒಪ್ಪಂದ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಆದುದರಿಂದ ಪ್ರೌಢಶಾಲೆಯ ಈ ವರ್ಷಗಳು ಕಲಿಯುವ ವರ್ಷಗಳೇ ಹೊರತು ವ್ಯಾಪಾರದ ವರ್ಷಗಳಲ್ಲ.

ಹಾಗಾದರೆ ಕಲಿಯುವುದು ಹೇಗೆ? ಮೇಲೆ ಹೇಳಿದ ಮೂರು ವಿದ್ಯೆಗಳನ್ನೂ ಕಲಿಸುವ ಉಚಿತ ಪಾಠಗಳು ಅಂತರಜಾಲದಲ್ಲೇ ಇವೆ. ಮೊಜಿಲ್ಲಾ ಸಂಸ್ಥೆಯ ಪಾಠಗಳು, ಫ್ರೀಕೋಡ್‌ಕ್ಯಾಂಪ್‌ನ ಅಭ್ಯಾಸಗಳು ಹಣ ಕೇಳುವುದಿಲ್ಲ. "ಮೂರು ತಿಂಗಳಲ್ಲಿ ಲಕ್ಷ ಸಂಪಾದನೆ" ಎಂದು ಸಾವಿರಾರು ರೂಪಾಯಿ ಶುಲ್ಕ ಕೇಳುವವರ ಬಳಿಗೆ ಹೋಗುವ ಮುನ್ನ ಈ ಪಾಠಗಳಲ್ಲಿ ಆರು ತಿಂಗಳು ಶ್ರಮಿಸಿ ನೋಡಿ. ದಿನಕ್ಕೆ ಒಂದು ಗಂಟೆ, ತಪ್ಪದೆ. ಆ ಮೇಲೆ ನೋಡಿ ಕಲಿಯುವುದನ್ನು ನಿಲ್ಲಿಸಿ ಮಾಡಿ ಕಲಿಯಿರಿ. ನಿಮ್ಮ ಬೀದಿಯ ಗ್ರಂಥಾಲಯಕ್ಕೊಂದು ಪುಟ, ನಮ್ಮ ಶಾಲೆಗೊಂದು ಪುಟ, ನಿಮ್ಮ ತಾಯಿಯವರ ಅಡುಗೆಯ ಬಗ್ಗೆ ಒಂದು ಪುಟ ಕಟ್ಟಿ. ಈ ಮೂರು ಪುಟಗಳೇ ಮುಂದೆ ಗಿರಾಕಿಗೆ ತೋರಿಸುವ ನಿಮ್ಮ ಪ್ರಮಾಣಪತ್ರ.

ಗಿರಾಕಿಗಳನ್ನು ಅಮೇರಿಕದಲ್ಲಿ ಹುಡುಕುವ ಮುಂಚೆ ಅಮರಾವತಿ ನದಿಯ ಎರಡು ದಡಗಳಲ್ಲಿ ಹುಡುಕಿ. ಮೂಲನೂರಿನ ನುಗ್ಗೆ, ಕಾಂಗೇಯಂನ ಅಕ್ಕಿ ಮತ್ತು ಎಣ್ಣೆ ಗಿರಣಿಗಳು, ವೆಳ್ಳಕೋವಿಲ್‌ನ ಮಗ್ಗಗಳು ದೂರದ ಊರಿಗೂ ಸರಕು ಕಳಿಸುತ್ತವೆ. ನಡೆದು ಹೋಗಿ ಮಾತನಾಡಿಸಬಹುದಾದ ಗಿರಾಕಿಯಿಂದ ಕಲಿಯುವಷ್ಟು ಮುಖ ಕಾಣದ ಗಿರಾಕಿಯಿಂದ ಕಲಿಯಲಾಗದು. ಕೆಲಸ ಕೊಡಿಸುವ ಅಂತರಜಾಲದ ಸಂತೆಗಳೂ ಇವೆ. ಅಲ್ಲಿ ಜಗತ್ತಿನ ಎಲ್ಲೆಡೆಯವರೊಡನೆ ಪೈಪೋಟಿ ಮಾಡಬೇಕು, ಸಂತೆಯ ಯಜಮಾನನಿಗೆ ಕಮಿಷನ್ ಕೊಡಬೇಕು. ಅನುಭವ ಬಂದ ಮೇಲೆ ಅಲ್ಲಿಗೆ ಹೋಗಿ. ಕೆಲಸ ಕೊಡಲು ಮುಂಗಡ ಠೇವಣಿ ಕೇಳುವವರು ಮಾತ್ರ ಎಲ್ಲಿದ್ದರೂ ಮೋಸಗಾರರೆಂದೇ ತಿಳಿಯಿರಿ.

ಬೆಲೆ ಹೇಳುವುದಕ್ಕೂ ಒಂದು ಲೆಕ್ಕವಿದೆ. ಒಬ್ಬನಿಗೆ ತಿಂಗಳಿಗೆ 15,000 ರೂಪಾಯಿ ಬೇಕು, ವಿದ್ಯುತ್ತು, ಅಂತರಜಾಲ, ಗಣಕದ ಸವೆತಕ್ಕೆ 3,000 ಬೇಕು ಎಂದುಕೊಳ್ಳೋಣ. ಒಟ್ಟು 18,000. ತಿಂಗಳಲ್ಲಿ ದುಡಿಯುವ ದಿನ 24 ಇದ್ದರೂ ಗಿರಾಕಿಯನ್ನು ಹುಡುಕುವುದಕ್ಕೆ, ಹೊಸದನ್ನು ಕಲಿಯುವುದಕ್ಕೆ, ಬಾಕಿ ಕೇಳುವುದಕ್ಕೆ ಅರ್ಧ ಹೋಗುತ್ತದೆ. ಹಣ ತರುವ ದಿನಗಳು 12 ಮಾತ್ರ. ಎಂದರೆ ದಿನಕ್ಕೆ 1,500. ಎಂಟು ದಿನದ ಕೆಲಸಕ್ಕೆ 12,000. ಈ ಲೆಕ್ಕ ಮಾಡದೆ ಹುಡುಗ 10,000 ಎಂದ. ಐದು ತಿಂಗಳು ದುಡಿದು 3,000 ತಂದ. ಆರನೆಯ ತರಗತಿಯ ಗಣಿತ ಇಷ್ಟಕ್ಕೆ ಸಾಕು. ಆದರೆ ಅದನ್ನು ಮಾಡುವ ಧೈರ್ಯ ಬೇಕು.

ಇಂಗ್ಲಿಷ್ ಬಾರದ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಸಾಧ್ಯವೇ ಎಂದು ಪೋಷಕರು ಕೇಳುತ್ತಾರೆ. ಇಂಗ್ಲಿಷ್ ಬೇಕು ಎಂಬುದನ್ನು ನಾವು ಮುಚ್ಚಿಡುವುದಿಲ್ಲ. ಪಾಠಗಳನ್ನೂ ದೋಷ ಸೂಚನೆಗಳನ್ನೂ ಓದಿ ತಿಳಿಯುವಷ್ಟು ಇಂಗ್ಲಿಷ್ ಬೇಕೇ ಬೇಕು. ಆದರೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಕೇಳುತ್ತ ಎರಡರಲ್ಲೂ ಪಾಠ ಕಲಿತು ಬೆಳೆದ ನಮಗೆ ಗೊತ್ತು, ಮೂರನೆಯ ಭಾಷೆ ಶತ್ರುವಲ್ಲ. 2006ರ ಕಾನೂನಿನ ಬಳಿಕ ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳನ್ನೂ ಕ್ರಮವಾಗಿ ಕಲಿಯುತ್ತಿದ್ದಾರೆ. ಇದನ್ನು ಹೊರೆಯೆಂದು ಬಗೆಯುವವರಿದ್ದಾರೆ. ಕಸುಬಿನ ದೃಷ್ಟಿಯಿಂದ ನೋಡಿದರೆ ಇದೇ ಬಂಡವಾಳ. ಒಂದೇ ಕೈಯಿಂದ ಕನ್ನಡದಲ್ಲೂ ತಮಿಳಿನಲ್ಲೂ ತಪ್ಪಿಲ್ಲದ ಜಾಲತಾಣ ಕಟ್ಟಬಲ್ಲವರು ಬೆಂಗಳೂರಿನಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಜಗತ್ತಿನ ಎಲ್ಲ ಲಿಪಿಗಳನ್ನೂ ಒಂದೇ ಪದ್ಧತಿಯಲ್ಲಿ ಹಿಡಿದಿಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿದೆ. ಹಿಂದೆ ಒಂದು ತಂತ್ರಾಂಶದಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ಓದಲು ಬರುತ್ತಿರಲಿಲ್ಲ. ಆ ಕಷ್ಟ ಈಗ ಬಹುಮಟ್ಟಿಗೆ ಕಳೆದಿದೆ.

ಇನ್ನೊಂದು ಆತಂಕವೂ ಇದೆ. ಇಂದು ಕೃತಕ ಬುದ್ಧಿಮತ್ತೆಯ ಯಂತ್ರಗಳು ಕೇಳಿದೊಡನೆ ಜಾಲತಾಣದ ಪುಟವನ್ನು ಬರೆದುಕೊಡುತ್ತವೆ. ಹಾಗಿರುವಾಗ ಈ ವಿದ್ಯೆಗೆ ಬೆಲೆ ಉಳಿದೀತೇ? ತೀರ ಸರಳವಾದ ಪುಟಕ್ಕೆ ಬೆಲೆ ಇಳಿಯುತ್ತಿದೆ ಎಂಬುದು ದಿಟ. ಆದರೆ ಯಂತ್ರ ಬರೆದುದು ಸರಿಯೋ ತಪ್ಪೋ ಎಂದು ಪರಿಶೀಲಿಸಲು ವಿದ್ಯೆ ಬೇಕು. ಎಣ್ಣೆ ಗಿರಣಿಯ ಯಜಮಾನರಿಗೆ ನಿಜವಾಗಿ ಏನು ಬೇಕು ಎಂಬುದನ್ನು ಅವರ ಬಾಯಿಂದ ಬಿಡಿಸಿ ಕೇಳಲು, ನಾಳೆ ಕೆಟ್ಟರೆ "ನಾನಿದ್ದೇನೆ" ಎಂದು ಹೊಣೆ ಹೊರಲು ಮನುಷ್ಯನೇ ಬೇಕು. ಯಂತ್ರದ ಕಾಲದಲ್ಲಿ ಮಾತು ಬಲ್ಲವನ ಬೆಲೆ ಏರುತ್ತದೆಯೇ ವಿನಾ ಇಳಿಯುವುದಿಲ್ಲ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ತಂದೆ-ತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟು. ಮಗ ಗಣಕದ ಮುಂದೆ ಕುಳಿತರೆ ಆಟವೆಂದು ಗದರಬೇಡಿ. ಲಕ್ಷ ಬರುತ್ತದೆಂಬ ಮಾತಿಗೆ ಮರುಳಾಗಿ ಕಾಲೇಜು ಬಿಡಿಸಲೂ ಬೇಡಿ. ಓದು ನಡೆಯುತ್ತಿರಲಿ, ಬಿಡುವಿನಲ್ಲಿ ಕಸುಬು ಬೆಳೆಯಲಿ. ಸತತವಾಗಿ ಒಂದು ವರ್ಷ ಕೆಲಸ ಬಂದು, ಆರು ತಿಂಗಳ ಖರ್ಚಿಗಾಗುವಷ್ಟು ಹಣ ಕೈಯಲ್ಲಿ ಉಳಿದ ಮೇಲೆ ಪೂರ್ತಿ ಇಳಿಯುವ ಯೋಚನೆ ಮಾಡಬಹುದು. ಸಂಬಳವೇ ಬೇಕೆನ್ನುವವರಿಗೂ ಈ ವಿದ್ಯೆ ವ್ಯರ್ಥವಲ್ಲ. ಜೋಹೋ ಸಂಸ್ಥೆಯು 2011ರಲ್ಲಿ ತೆಂಕಾಸಿಯ ಬಳಿಯ ಹಳ್ಳಿಯಲ್ಲೇ ಕಚೇರಿ ತೆರೆದು, ತಂತ್ರಾಂಶದ ಕೆಲಸಕ್ಕೆ ಮಹಾನಗರವೇ ಬೇಕಾಗಿಲ್ಲವೆಂದು ತೋರಿಸಿದೆ. ಹೆಣ್ಣುಮಕ್ಕಳ ತಂದೆ-ತಾಯಿಗಳಿಗೆ ಒಂದು ಮಾತು ಹೆಚ್ಚು. ಮನೆಯಲ್ಲೇ ಮಾಡಬಹುದಾದ ಕೆಲಸವೆಂದರೆ ಮನೆಗೆಲಸದ ನಡುವೆ ಮಾಡುವ ಕೆಲಸವೆಂದಲ್ಲ. ಮಗಳು ಕೆಲಸಕ್ಕೆ ಕುಳಿತ ಗಂಟೆಗಳನ್ನು, ಅಂಗಡಿಯಲ್ಲಿ ಕುಳಿತವರ ಗಂಟೆಗಳಂತೆಯೇ, ಯಾರೂ ಕೆಡಿಸಬಾರದು.

ನಮ್ಮ ಹುಡುಗನ ಕಥೆಯ ಉಳಿದ ಭಾಗವನ್ನು ಹೇಳಿ ಮುಗಿಸುತ್ತೇವೆ. ಅವನು ಬಿಟ್ಟುಹೋದ ಎರಡು ವಿಷಯಗಳನ್ನು ಮುಂದಿನ ಸಲ ಪಾಸು ಮಾಡಿದ. ಕಳೆದ ವರ್ಷ ಸಸಿ ಮಾರುವವರೊಬ್ಬರ ಬಳಿಗೆ ಆ ಒಂದು ಹಾಳೆಯನ್ನು ಹಿಡಿದು ಒಬ್ಬನೇ ಹೋದ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರಂತೆ. ಒಂದು ಸಾಲನ್ನು ಹೊಡೆದುಹಾಕಿ, ಒಂದು ಸಾಲನ್ನು ಸೇರಿಸಿ ರುಜು ಮಾಡಿದರಂತೆ. ಪತ್ರ ಕಂಡು ಅವರಿಗೆ ಬೇಸರವಾಗಲಿಲ್ಲ. ಲೆಕ್ಕ ಬಲ್ಲ ಹುಡುಗ ಎಂಬ ಗೌರವ ಬಂತು. ಕೊನೆಯ ಕಂತು ಹತ್ತು ದಿನ ತಡವಾಯಿತು. ಹುಡುಗ ವಿನಯದಿಂದ ನಾಲ್ಕು ಸಾಲು ಬರೆದು ಕಳಿಸಿದ. ಹಣ ಬಂತು. ಮೊದಲ ಕೆಲಸದ 7,000 ರೂಪಾಯಿ ಇಂದಿಗೂ ಬಂದಿಲ್ಲ, ಬರುವುದೂ ಇಲ್ಲ. ಆ ಬಾಕಿಯಲ್ಲಿ ಒಂದು ಪಾಲು ನಮ್ಮ ಹೆಸರಿಗೆ ಬರೆದಿದೆ ಎಂದೇ ನಾವು ತಿಳಿದಿದ್ದೇವೆ.

ಅದನ್ನು ತೀರಿಸುವ ದಾರಿಯನ್ನು ಕಂಡುಕೊಂಡಿದ್ದೇವೆ. ಈ ವರ್ಷದಿಂದ ಒಂಬತ್ತನೆಯ ತರಗತಿಯ ಪತ್ರಲೇಖನದಲ್ಲಿ ರಜಾ ಅರ್ಜಿಯ ಜೊತೆಗೆ ಎರಡು ಹೊಸ ಅಭ್ಯಾಸಗಳನ್ನು ಸೇರಿಸಿದ್ದೇವೆ. ಕೆಲಸವನ್ನು ಒಪ್ಪಿಕೊಳ್ಳುವ ಪತ್ರ ಒಂದು, ಬಾಕಿಯನ್ನು ಕೇಳುವ ಪತ್ರ ಇನ್ನೊಂದು. ವಿದ್ಯಾರ್ಥಿ ಮಿತ್ರರೇ, ನೀವು ಮುಂದೆ ಜಾಲತಾಣ ಕಟ್ಟಿದರೂ ಸರಿ, ಸೀರೆ ನೇಯ್ದರೂ ಸರಿ, ಬಾವಿ ತೋಡಿಸಿದರೂ ಸರಿ, ಈ ಎರಡು ಪತ್ರಗಳು ನಿಮ್ಮ ಕೈಗೆ ಬರಲಿ. ಪೋಷಕರೇ, ಮನೆಯಲ್ಲಿ ಮಗು ಈ ಪತ್ರವನ್ನು ಬರೆಯುತ್ತಿದ್ದರೆ ದಯವಿಟ್ಟು ಒಮ್ಮೆ ಪಕ್ಕದಲ್ಲಿ ಕುಳಿತು ಓದಿ. ಬಾಯಿಮಾತಿನ ಮೇಲೆ ದುಡಿದು ಕಳೆದುಕೊಂಡ ನಿಮ್ಮ ಅನುಭವ ಅದರಲ್ಲಿ ಒಂದು ಸಾಲಾದರೂ ಸೇರಲಿ.